ಕಿರುತೆರೆಗೆ ಯಶೋಧರ ಚರಿತೆ: ರಾಣಿಯನ್ನು ಬಿಟ್ಟು ಕೋಳಿಯೊಂದೇ ಸಾಕೆ?

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆರ್ಜವ ಧರ್ಮದ ದಿನ, ಚಿಕ್ಕೋಡಿ ಭಾಗದ ಒಂದು ಬಸದಿಯಲ್ಲಿ ಪ್ರವಚನ ಮುಗಿದ ಮೇಲೆ ನಾಲ್ಕಾರು ಯುವಕರು ಟ್ರಸ್ಟಿನ ಹಿರಿಯರ ಮುಂದೆ ಒಂದು ಕಡತವನ್ನಿಟ್ಟರು. ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ಹದಿಮೂರು ಕಂತುಗಳ ಟಿ.ವಿ. ಧಾರಾವಾಹಿಯನ್ನಾಗಿ ಮಾಡಬೇಕೆಂಬುದು ಅವರ ಯೋಜನೆ. ಮೊದಲ ಎರಡು ಕಂತುಗಳ ಚಿತ್ರಕಥೆಯೂ ಸಿದ್ಧವಾಗಿತ್ತು, ಧನಸಹಾಯ ಬೇಕಾಗಿತ್ತು. ನಾನು ವ್ಯಾಪಾರಸ್ಥನಾದುದರಿಂದ ಖರ್ಚಿನ ಅಂದಾಜನ್ನು ಪರಿಶೀಲಿಸಲೆಂದು ಕಡತ ನನ್ನ ಕೈಸೇರಿತು. ಅಂದಾಜನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದೆ. ಚಿತ್ರಕಥೆಯನ್ನೂ ಅದರ ಬದಿಗೆ ಜನ್ನನ ಕಾವ್ಯವನ್ನೂ ಇಟ್ಟುಕೊಂಡು ಮಾತ್ರ ಹಲವು ರಾತ್ರಿಗಳನ್ನು ಕಳೆದೆ.

ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಯುವಕರ ದೃಷ್ಟಿಯಲ್ಲಿ ಈ ಕಥೆಯ ಜೀವಾಳ ರಾಣಿ ಅಮೃತಮತಿ ಮತ್ತು ಮಾವುತನ ಪ್ರಣಯ. ಬೆಳದಿಂಗಳು, ಅಂತಃಪುರ, ದೂರದ ಹಾಡು, ಇವುಗಳಿಂದಲೇ ಅವರ ಮೊದಲ ಕಂತು ತೊಡಗುತ್ತದೆ. ಹಿರಿಯರೊಬ್ಬರು ಇದನ್ನು ಕೇಳಿ ಬೇಸರಪಟ್ಟು, “ಇದು ಮನೆಮಂದಿಯೆಲ್ಲ ಕೂಡಿ ಕುಳಿತು ನೋಡುವ ಪೆಟ್ಟಿಗೆ. ಪಟ್ಟದ ರಾಣಿ ಆನೆಯ ಮಾವುತನ ಬಳಿಗೆ ಹೋಗುವುದನ್ನು ಹೆಣ್ಣುಮಕ್ಕಳ ಮುಂದೆ ತೋರಿಸುವುದುಂಟೆ? ಆ ಭಾಗವನ್ನು ಬಿಡಿ. ಹಿಟ್ಟಿನ ಕೋಳಿಯಿಂದ ಪ್ರಾರಂಭಿಸಿ, ಅಹಿಂಸೆಯನ್ನು ತೋರಿಸಿದಂತೆಯೂ ಆಯಿತು, ಮಾನ ಉಳಿದಂತೆಯೂ ಆಯಿತು” ಎಂದರು. ಹೆಚ್ಚಿನವರು ತಲೆಯಾಡಿಸಿದರು. ನಾನೂ ಆಗ ತಲೆಯಾಡಿಸಿದವನೇ. ಕಾವ್ಯವನ್ನು ಮತ್ತೊಮ್ಮೆ ಓದಿದ ಮೇಲೆ ಎರಡು ಪಕ್ಷಗಳೂ ತಪ್ಪಿವೆಯೆಂದು ಮನವರಿಕೆಯಾಯಿತು. ಅದರ ಕಾರಣಗಳನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಸ ತಲೆಮಾರಿನ ಓದುಗರಿಗಾಗಿ ಕಥೆಯನ್ನು ಸಂಗ್ರಹವಾಗಿ ಹೇಳಬೇಕು. ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎನಿಸಿಕೊಂಡ ಜನ್ನ ಈ ಕಾವ್ಯವನ್ನು ರಚಿಸಿದ್ದು ಕ್ರಿ.ಶ. 1209ರಲ್ಲಿ. ರಾಜಪುರದ ಮಾರಿದತ್ತ ರಾಜನು ಚಂಡಮಾರಿಗೆ ನರಬಲಿ ಕೊಡಲು ಎಳೆಯ ತಪಸ್ವಿಗಳಾದ ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರನ್ನು ಹಿಡಿತರಿಸುತ್ತಾನೆ. ಖಡ್ಗದೆದುರು ಅಂಜದೆ ನಿಂತ ಆ ಮಕ್ಕಳು ತಮ್ಮ ಹಿಂದಿನ ಭವಗಳನ್ನು ಹೇಳುತ್ತಾರೆ. ಅಭಯರುಚಿ ಹಿಂದೆ ಉಜ್ಜಯಿನಿಯ ಅರಸ ಯಶೋಧರನಾಗಿದ್ದ. ಅಭಯಮತಿ ಅವನ ತಾಯಿ ಚಂದ್ರಮತಿಯಾಗಿದ್ದಳು. ಯಶೋಧರನ ರಾಣಿ ಅಮೃತಮತಿ ಒಂದು ರಾತ್ರಿ ಗಜಶಾಲೆಯ ಕಡೆಯಿಂದ ಬಂದ ಹಾಡನ್ನು ಕೇಳಿ ಮನಸೋತಳು. ಹಾಡಿದವನು ಅಷ್ಟಾವಂಕನೆಂಬ ಕುರೂಪಿ ಮಾವುತ. ಅವಳು ಅವನ ಬಳಿಗೆ ಹೋಗುವುದನ್ನೂ, ತಡವಾಗಿ ಬಂದಳೆಂದು ಅವನು ಅವಳನ್ನು ಹೊಡೆಯುವುದನ್ನೂ ಅರಸನು ಮರೆಯಲ್ಲಿ ನಿಂತು ಕಂಡ. ಕತ್ತಿಗೆ ಕೈಹಾಕಿದವನು ಕೊನೆಗಳಿಗೆಯಲ್ಲಿ ತಡೆದುಕೊಂಡ. ಮರುದಿನ ಮಗನ ಮುಖ ಬಾಡಿದ್ದನ್ನು ತಾಯಿ ಕೇಳಿದಾಗ ಕೆಟ್ಟ ಕನಸು ಕಂಡೆನೆಂದ. ಶಾಂತಿಗಾಗಿ ಪ್ರಾಣಿಬಲಿ ಕೊಡೆಂದಳು ತಾಯಿ, ಅವನು ಒಪ್ಪಲಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯಲೆಂದು ಹಿಟ್ಟಿನ ಕೋಳಿಯನ್ನು ಮಾಡಿ ಕಡಿದರು. ಅದರೊಳಗೆ ಹೊಕ್ಕಿದ್ದ ಬೆಂತರವೊಂದು ಕೋಳಿಯಂತೆ ಕೂಗಿತು. ಮುಂದೆ ತಾಯಿ ಮಗ ಇಬ್ಬರೂ ಅಮೃತಮತಿ ಇಕ್ಕಿದ ವಿಷಾನ್ನದಿಂದ ಸತ್ತು ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡು ಕೋಣಗಳಾಗಿ, ಕೊನೆಗೆ ನಿಜವಾದ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸತ್ತರು. ವಿಷವಿಕ್ಕಿದ ಅಮೃತಮತಿ ನರಕಕ್ಕಿಳಿದಳು.

ಈ ಕಥೆ ಜನ್ನನೊಬ್ಬನದಲ್ಲ. ಕ್ರಿ.ಶ. 959ರಲ್ಲಿ ಸೋಮದೇವ ಸೂರಿಗಳು ‘ಯಶಸ್ತಿಲಕ ಚಂಪು’ವನ್ನು ಮುಗಿಸಿದರು, ಪುಷ್ಪದಂತನ ಅಪಭ್ರಂಶ ಕಾವ್ಯವಿದೆ, ಜನ್ನನಿಗೆ ಆಧಾರವಾದ ವಾದಿರಾಜರ ಸಂಸ್ಕೃತ ಕೃತಿಯಿದೆ. ಯಶಸ್ತಿಲಕವನ್ನು ಕುರಿತ ಹಂದಿಕಿಯವರ ಮಹಾಪ್ರಬಂಧ 1949ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬಂದಾಗ ಆ ಮಾಲೆಯ ಸಂಪಾದಕರಲ್ಲೊಬ್ಬರು ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು. ಅಷ್ಟೇ ಅಲ್ಲ, 15 ಮತ್ತು 16ನೆಯ ಶತಮಾನಗಳಲ್ಲಿ ಪಶ್ಚಿಮ ಮತ್ತು ಉತ್ತರ ಭಾರತದ ದಿಗಂಬರ ಶ್ರಾವಕರು ಯಶೋಧರನ ಕಥೆಯ ಹಸ್ತಪ್ರತಿಗಳನ್ನು ಬಣ್ಣದ ಚಿತ್ರಗಳೊಡನೆ ಬರೆಯಿಸಿ ಶಾಸ್ತ್ರದಾನ ಮಾಡಿದ್ದಾರೆ. ಆದುದರಿಂದ ಈ ಕಥೆಯನ್ನು ಕಣ್ಣಿಗೆ ಕಾಣಿಸುವುದೇ ಅಪಚಾರವೆನ್ನುವಂತಿಲ್ಲ. ಯಾವುದನ್ನು ಕಾಣಿಸಬೇಕು, ಯಾವುದನ್ನು ಕೇಳಿಸಬೇಕು ಎಂಬುದೇ ಪ್ರಶ್ನೆ.

ಮೊದಲು ಹಿರಿಯರ ಸಲಹೆಯನ್ನು ಪರಿಶೀಲಿಸೋಣ. ರಾಣಿಯ ಭಾಗವನ್ನು ತೆಗೆದರೆ ಕೋಳಿ ಎಲ್ಲಿಂದ ಬಂತು? ಅರಸನಿಗೆ ಕನಸು ಬಿದ್ದಿರಲೇ ಇಲ್ಲ. ತನ್ನ ಹೆಂಡತಿ ಒಬ್ಬ ಮಾವುತನನ್ನು ಮೆಚ್ಚಿದಳೆಂದು ತಾಯಿಯ ಮುಂದೆ ಹೇಳಲಾರದೆ ಅವನು ಕಟ್ಟಿದ ಸುಳ್ಳು ಅದು. ಆ ಸುಳ್ಳನ್ನು ತಾಯಿ ನಂಬಿದ್ದರಿಂದ ಶಾಂತಿಯ ಮಾತು ಬಂತು. ಶಾಂತಿಯ ಮಾತಿನಿಂದ ಬಲಿಯ ಮಾತು ಬಂತು. ಬಲಿಯ ಮಾತಿನಿಂದ ಹಿಟ್ಟಿನ ಕೋಳಿ ಬಂತು. ಮನೆತನದ ಮಾನವನ್ನು ಕಾಯಲು ಆಡಿದ ಒಂದು ಸುಳ್ಳು ತಾಯಿ ಮಗ ಇಬ್ಬರನ್ನೂ ತಿರ್ಯಗ್ಗತಿಗೆ ಎಳೆಯಿತು. ನಮ್ಮ ಶಾಸ್ತ್ರ ಹೇಳುವ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಇಲ್ಲಿ ಮೂರು ಒಂದರ ಹಿಂದೊಂದು ಸಾಲಾಗಿ ನಿಂತಿವೆ. ಕತ್ತಿಗೆ ಕೈಹಾಕಿದ್ದು ಕ್ರೋಧ. “ನನ್ನಂಥ ಅರಸನಿಗೆ ಇಂಥವನು ಎದುರಾಳಿಯೆ” ಎಂಬ ಸಂಕಟ ಮಾನ. ಕನಸಿನ ಕಥೆ ಮಾಯಾ. ಅದೇ ಆರ್ಜವಕ್ಕೆ ವಿರುದ್ಧವಾದದ್ದು. ಆರ್ಜವ ಧರ್ಮದ ದಿನವೇ ನಾವು ಕುಳಿತು ಆ ಭಾಗವನ್ನು ಬಿಡಿರೆಂದು ಹೇಳಿದೆವು!

ಇನ್ನೊಂದು ಮಾತು. ಅರಸನು ರಾತ್ರಿ ತಡೆದ ಕತ್ತಿ ನಿಜವಾಗಿ ತಡೆದದ್ದೆ? ಕ್ಷಮೆಯಿಂದ ತಡೆದಿದ್ದರೆ ಅದು ಅಲ್ಲಿಗೇ ಶಾಂತವಾಗಬೇಕಿತ್ತು. ಮಾವುತನ ಮೇಲೆ ಬೀಳದ ಆ ಏಟು ಹಿಟ್ಟಿನ ಕೋಳಿಯ ಮೇಲೆ ಬಿತ್ತೆಂದು ನಾನು ಓದುತ್ತೇನೆ. ಎರಡೂ ಕಡೆ ಕೈ ಅವನದೇ. ಪರಿಣಾಮ, ಅಂದರೆ ಮನಸ್ಸಿನ ಭಾವ, ಅದೇ. ಜೀವವಿಲ್ಲದ ಹಿಟ್ಟಿಗೆ ನೋವಾಗುವುದಿಲ್ಲವೆಂಬುದು ನಿಜ. ಕಡಿಯುವ ಜೀವಕ್ಕೆ ಬಂಧವಾಗುತ್ತದೆ. ಭಾವಹಿಂಸೆ ಎಂದು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ರಾಣಿಯಿಲ್ಲದ ಧಾರಾವಾಹಿಯಲ್ಲಿ ಕೋಳಿಯ ಬಲಿ ಬರೀ ಒಂದು ಮೂಢನಂಬಿಕೆಯಾಗುತ್ತದೆ, ಅದೂ ಬೇರೆಯವರ ಮೂಢನಂಬಿಕೆ. “ನಾವೇನು ಕೋಳಿ ಕಡಿಯುವವರೆ” ಎಂದು ಹೇಳಿ ನಾವು ನೆಮ್ಮದಿಯಿಂದ ಎದ್ದು ಹೋಗಬಹುದು. ಜನ್ನನು ಅಷ್ಟು ಸುಲಭವಾಗಿ ಯಾರನ್ನೂ ಎದ್ದು ಹೋಗಲು ಬಿಡುವ ಕವಿಯಲ್ಲ.

ಇನ್ನು ಯುವಕರ ಚಿತ್ರಕಥೆ. ಅದರಲ್ಲಿ ಪ್ರತಿಭೆಯಿದೆ, ಸಂಭಾಷಣೆ ನಮ್ಮ ಗಡಿಭಾಗದ ಕಿವಿಗೆ ಹೊಂದುತ್ತದೆ. ಆದರೆ ಮಾರಿದತ್ತನ ಪ್ರಸಂಗವನ್ನು ಅವರು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಈ ಕಥೆಯನ್ನು ಹೇಳುತ್ತಿರುವವರು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ? ಕತ್ತಿಯ ಕೆಳಗೆ ನಿಂತ ಇಬ್ಬರು ಮಕ್ಕಳು, ಕತ್ತಿ ಹಿಡಿದವನಿಗೆ. ಅವರು ದೂರುವ ದನಿಯಲ್ಲಿ ಹೇಳುವುದಿಲ್ಲ. ತಮ್ಮ ತಪ್ಪಿನ ಲೆಕ್ಕವನ್ನು ಒಪ್ಪಿಸುತ್ತಾರೆ. ಅಮೃತಮತಿಯ ಪಾಪಕ್ಕಿಂತ ಹಿಟ್ಟಿನ ಕೋಳಿಯನ್ನು ಕಡಿದ ತಮ್ಮ ಪಾಪದ ಫಲವನ್ನೇ ಅವರು ಭವದಿಂದ ಭವಕ್ಕೆ ವಿವರಿಸುತ್ತಾರೆ. ಈ ಚೌಕಟ್ಟನ್ನು ಬಿಟ್ಟರೆ ಉಳಿಯುವುದು ವ್ಯಭಿಚಾರದ ಒಂದು ಕಥೆ. ಅಂಥವು ಪ್ರತಿ ಸಂಜೆ ಬೇಕಾದಷ್ಟು ಬರುತ್ತಿವೆ. ಕಂತುಕಂತಾಗಿ ಹೇಳುವ ಮಾಧ್ಯಮಕ್ಕೆ ಈ ಚೌಕಟ್ಟಿಗಿಂತ ಒಳ್ಳೆಯ ಉಪಾಯ ಸಿಗಲಾರದು. ಪ್ರತಿ ಕಂತಿನ ಕೊನೆಗೆ ನಾವು ಆ ಮಕ್ಕಳ ಬಳಿಗೆ, ಆ ಎತ್ತಿದ ಕತ್ತಿಯ ಬಳಿಗೆ ಮರಳಬಹುದು. ಮಾರಿದತ್ತನ ಕೈ ಸ್ವಲ್ಪ ಸ್ವಲ್ಪವಾಗಿ ಇಳಿಯುವುದೇ ಧಾರಾವಾಹಿಯ ನಡೆಯಾಗಬಹುದು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಯಶೋಧರ ಚರಿತೆ ಕಿವಿಯ ಕಾವ್ಯ. ಅಮೃತಮತಿ ಮಾವುತನನ್ನು ನೋಡಿ ಮೆಚ್ಚಿದವಳಲ್ಲ, ಕೇಳಿ ಮೆಚ್ಚಿದವಳು. ಅವನ ರೂಪ ನಮಗೆ ತಿಳಿಯುವುದು ಅವಳ ಸಖಿ ಹೋಗಿ ನೋಡಿ ಬಂದು ಹೇಳಿದ ಮೇಲೆ. ಮನಸ್ಸು ನೆಟ್ಟ ಮೇಲೆ ಚೆಲುವಿನ ವಿಚಾರವೇಕೆ ಎಂಬರ್ಥದ ಉತ್ತರವನ್ನು ರಾಣಿ ಕೊಡುತ್ತಾಳೆ. ಹಿಟ್ಟಿನ ಕೋಳಿಯ ಪಾಪ ಪ್ರಕಟವಾಗುವುದು ಅದರ ಕೂಗಿನಿಂದ. ಕೊನೆಯ ಪ್ರಾಣಿಜನ್ಮದಲ್ಲಿ ತಾಯಿ ಮಗ ಕೋಳಿಗಳಾಗಿದ್ದಾಗ ಮುನಿಗಳ ಧರ್ಮೋಪದೇಶವನ್ನು ಕೇಳಿ ಹರ್ಷದಿಂದ ಕೂಗುತ್ತಾರೆ. ಆ ದನಿಯ ಜಾಡು ಹಿಡಿದು, ಶಬ್ದವೇಧಿಯ ಜಾಣ್ಮೆ ತೋರಲು, ಯಶೋಧರನ ಸ್ವಂತ ಮಗ ಯಶೋಮತಿಯೇ ಬಾಣ ಬಿಟ್ಟು ಕೊಲ್ಲುತ್ತಾನೆ. ಕಟ್ಟಕಡೆಗೆ ಮಾರಿದತ್ತನು ಉದ್ಧಾರವಾಗುವುದೂ ಕೇಳಿಯೇ. ಹೀಗೆ ಕೇಳುವುದರಿಂದಲೇ ಕೆಡುಕು, ಕೇಳುವುದರಿಂದಲೇ ಒಳಿತು. ಇಂಥ ಕಾವ್ಯವನ್ನು ಕಣ್ಣಿನ ಮಾಧ್ಯಮಕ್ಕೆ ತರುವಾಗ ಮೊದಲ ಕಂತಿನಲ್ಲೇ ಮಾವುತನ ಮುಖದ ಮೇಲೆ ದೀಪ ಹಾಯಿಸಿದರೆ ಅರ್ಧ ಕಾವ್ಯ ಹೋದಂತೆಯೇ. ನೋಡುವವರು “ಅಯ್ಯೋ, ಇವನನ್ನೆ?” ಎನ್ನುತ್ತಾರೆ. ಅದು ಸಖಿಯ ಮಾತು, ರಾಣಿಯ ಅನುಭವವಲ್ಲ. ಕೆಲವು ಕಂತುಗಳವರೆಗೆ ಅವನನ್ನು ಕತ್ತಲಲ್ಲೇ ಇರಿಸಿ, ಒಳ್ಳೆಯ ಗಾಯಕರ ಕಂಠವೊಂದನ್ನೇ ಕೇಳಿಸಿದರೆ, ವೀಕ್ಷಕನು ಮೊದಲು ತಾನೇ ಮನಸೋತು, ಆಮೇಲೆ ಬೆಚ್ಚುತ್ತಾನೆ. ಆಗ ಅವನು ರಾಣಿಯ ಮೇಲೆ ತೀರ್ಪು ಕೊಡುವ ಮೊದಲು ಒಂದು ಕ್ಷಣ ತಡೆಯುತ್ತಾನೆ.

ಮಾವುತನ ವಿಷಯದಲ್ಲಿ ಕಾವ್ಯಕ್ಕೂ ಒಂದು ಮಿತಿಯಿದೆಯೆಂದು ಒಪ್ಪಬೇಕು. ಅವನಿಗೆ ಮೈಯ ಡೊಂಕುಗಳದೇ ಹೆಸರು. ಅವನು ಹಾಡುತ್ತಾನೆ, ಹೊಡೆಯುತ್ತಾನೆ. ಅವನ ಮನಸ್ಸೇನೆಂದು ಆಸ್ಥಾನಕವಿ ನಮಗೆ ತಿಳಿಸುವುದಿಲ್ಲ. ಕೀಳು ಕೆಲಸದವನು ಕುರೂಪಿಯೂ ಕ್ರೂರಿಯೂ ಆಗಿರಬೇಕೆಂಬ ಅರಮನೆಯ ಕಣ್ಣು ಅಲ್ಲಿದೆ. ಅದು ಜೈನ ಸಿದ್ಧಾಂತದ ಕಣ್ಣಲ್ಲ. ಸಮ್ಯಗ್ದರ್ಶನ ಪಡೆದವನು ಮಾತಂಗಕುಲದಲ್ಲಿ ಹುಟ್ಟಿದ್ದರೂ ದೇವಸಮಾನನೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾರಿದ್ದಾರೆ. ಜನ್ನನ ಕಾವ್ಯದಲ್ಲೇ ಕೋಳಿಗಳನ್ನು ಸಾಕಿದ್ದ ತಳವಾರನಿಗೆ ಮುನಿಗಳು ಧರ್ಮವನ್ನು ಬೋಧಿಸುತ್ತಾರೆ. ಹೊಡೆಯುವ ದೃಶ್ಯವನ್ನು ಹಿಂಸೆಯ ವಿನೋದವನ್ನಾಗಿ ಎಳೆದು ತೋರಿಸದೆ, ಮಾವುತನಿಗೂ ಒಂದೆರಡು ಮನುಷ್ಯನ ಮಾತುಗಳನ್ನು ಕೊಡುವುದು ಕಿರುತೆರೆಯವರು ಮಾಡಬಹುದಾದ ನ್ಯಾಯವಾದ ತಿದ್ದುಪಡಿ.

ಇಂಥ ಪ್ರಯತ್ನವನ್ನು ರಂಗಭೂಮಿಗಾಗಿ ಮಾಡಿದವರು ಗಿರೀಶ ಕಾರ್ನಾಡರು. 1980ರಲ್ಲಿ ಪ್ರಕಟವಾದ ಅವರ ‘ಹಿಟ್ಟಿನ ಹುಂಜ’ ನಾಟಕಕ್ಕೆ ಯಶೋಧರನ ಕಥೆಯೇ ಮೂಲ. ಅದು ಮುಂದೆ ‘ಬಲಿ’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂದು 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ರಂಗವೇರಿತು. ಕಾರ್ನಾಡರು ಜನ್ಮಾಂತರಗಳನ್ನೂ ಮಾರಿದತ್ತನನ್ನೂ ಬಿಟ್ಟು, ಅರಸ, ರಾಣಿ, ತಾಯಿ, ಮಾವುತ ಈ ನಾಲ್ವರನ್ನು ಮಾತ್ರ ಉಳಿಸಿಕೊಂಡರು. ಮಾವುತನಿಗೆ ಬಾಯಿ ಕೊಟ್ಟರು. ರಾಣಿಯನ್ನು ಜೈನಳನ್ನಾಗಿ, ತಾಯಿಯನ್ನು ಬಲಿ ಬೇಡುವ ದೇವಿಯ ಭಕ್ತಳನ್ನಾಗಿ ಮಾಡಿ, ಅರಸನನ್ನು ನಡುವೆ ನಿಲ್ಲಿಸಿದರು. ಹಿಟ್ಟಿನ ಹುಂಜವಾದರೇನು, ಕಡಿಯುವ ಸಂಕಲ್ಪವೇ ಹಿಂಸೆಯಲ್ಲವೆ ಎಂಬ ಆಕ್ಷೇಪವನ್ನು ಅವರು ತಪ್ಪು ಮಾಡಿದ ಆ ರಾಣಿಯ ಕಡೆಗೇ ಇಟ್ಟಿದ್ದಾರೆ. ಮೊದಲು ಓದಿದಾಗ ನನಗೆ ಇದು ಸರಿಬರಲಿಲ್ಲ. ಈಗ ಅನ್ನಿಸುವುದೇನೆಂದರೆ, ಧರ್ಮದ ಮಾತು ಯಾರ ಬಾಯಿಂದ ಬಂದರೂ ಧರ್ಮದ ಮಾತೇ. ಆದರೆ ನಷ್ಟವೂ ಇದೆ. ಜನ್ಮಗಳ ಸಾಲು ಹೋದ ಮೇಲೆ ಕೋಳಿಯ ಪ್ರಶ್ನೆ ಒಂದು ರಾತ್ರಿಯ ದಾಂಪತ್ಯಕಲಹದಷ್ಟಕ್ಕೆ ಕಿರಿದಾಗುತ್ತದೆ. ಮಾಡಿದ್ದು ತೀರುವ ತನಕ ಬೆನ್ನುಬಿಡದೆಂಬ ಭಾರ ಉಳಿಯುವುದಿಲ್ಲ. ಒಂದು ಸಂಜೆಯ ನಾಟಕಕ್ಕೆ ಆ ಸಂಕ್ಷೇಪ ಅನಿವಾರ್ಯವಾಗಿತ್ತು. ಹದಿಮೂರು ಕಂತುಗಳಿಗೆ ಆ ನೆಪವಿಲ್ಲ. ದೂರದರ್ಶನದಲ್ಲಿ 1987ರಲ್ಲಿ ರಾಮಾಯಣ ಪ್ರಾರಂಭವಾದಾಗ ಊರಿಗೆ ಊರೇ ಒಂದು ಪೆಟ್ಟಿಗೆಯ ಮುಂದೆ ಕುಳಿತದ್ದನ್ನು ಕಂಡವರು ನಾವು. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿ ಮಾಡಿದಾಗ, ಆಡಂಬರವಿಲ್ಲದೆಯೂ ಗಂಭೀರ ಕೃತಿಯೊಂದು ಮನೆಮನೆಗೆ ಹೋಗಬಲ್ಲದೆಂಬುದೂ ತಿಳಿಯಿತು. ಮಾಧ್ಯಮ ಅಶಕ್ತವಲ್ಲ, ಧೈರ್ಯ ಬೇಕಾದದ್ದು ನಮಗೆ.

ಆ ಧೈರ್ಯ ನನಗೇ ಇರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಈ ಲೇಖನವೂ ಒಂದು ಕೆಟ್ಟ ಕನಸಿನ ಕಥೆಯಾದೀತು. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನನ್ನ ತಮ್ಮನ ಮಗಳು, ನಮ್ಮ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬ ಹಮಾಲರ ಮಗನನ್ನು ಮದುವೆಯಾದಳು. ಒಂದು ಕಾಲಕ್ಕೆ ಚತುರ್ಥ ಪಂಚಮರ ನಡುವೆಯೇ ಬೀಗತನ ಕೂಡದೆನ್ನುತ್ತಿದ್ದ ಸಮಾಜ ನಮ್ಮದು, ಇದನ್ನು ತಾಳೀತೆ? ನಾವು ಯಾರೂ ಕೈಯೆತ್ತಲಿಲ್ಲ. ಅಹಿಂಸಕರೆಂದು ಅದಕ್ಕಾಗಿ ಹೆಮ್ಮೆಯನ್ನೂ ಪಟ್ಟೆವು. ಬೀಗರು ಬಿಜ್ಜರು ಕೇಳಿದರೆ, ಪುಣೆಯಲ್ಲಿ ಓದುತ್ತಿದ್ದಾಳೆಂದು ಹೇಳಿದೆವು. ಮನೆಯೊಳಗೆ, “ನಮ್ಮ ಪಾಲಿಗೆ ಅವಳು ಸತ್ತಳು” ಎಂದೆವು. ಮೂರು ವರ್ಷಗಳ ನಂತರ ಅವಳ ತಮ್ಮನ ಲಗ್ನಪತ್ರಿಕೆಯ ಕರಡನ್ನು ತಿದ್ದುವ ಕೆಲಸ ನನ್ನದಾಗಿತ್ತು. ಮುದ್ರಣಾಲಯದ ಹುಡುಗ, “ಸಾಹುಕಾರ್ರ, ಇನ್ನೊಬ್ಬ ಅಕ್ಕಾವ್ರು ಇದ್ದರಲ್ಲರಿ, ಹೆಸರು ಬಿಟ್ಟೈತಿ” ಎಂದ. “ಬಿಟ್ಟಿಲ್ಲ, ಸರಿಯಾಗಿದೆ” ಎಂದು ಸಹಿ ಹಾಕಿದೆ.

ಅಮೃತಮತಿಗೂ ಆ ಹುಡುಗಿಗೂ ಹೋಲಿಕೆಯಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಅಮೃತಮತಿ ಕೈಹಿಡಿದವನಿಗೆ ದ್ರೋಹ ಮಾಡಿದಳು, ವಿಷವಿಕ್ಕಿದಳು. ನನ್ನ ತಮ್ಮನ ಮಗಳು ಯಾವ ವ್ರತವನ್ನೂ ಮುರಿದವಳಲ್ಲ. ಹೋಲಿಕೆ ಇರುವುದು ಯಶೋಧರನಿಗೂ ನನಗೂ. ಹೆಂಡತಿಗೆ ಚುಚ್ಚುಮಾತನ್ನಾಡಿದನೇ ಹೊರತು ಅವನು ಅವಳನ್ನು ನೇರವಾಗಿ ಏನನ್ನೂ ಕೇಳಲಿಲ್ಲ. ನಾವೂ ಮಗಳನ್ನು ಕೂರಿಸಿಕೊಂಡು ಕೇಳಲಿಲ್ಲ. ಅವನು ಮಾನಕ್ಕಾಗಿ ಕನಸು ಕಟ್ಟಿದ. ನಾವು ಪುಣೆಯನ್ನು ಕಟ್ಟಿದೆವು. ಅವನು ಹಿಟ್ಟಿನ ಕೋಳಿಯನ್ನು ಕಡಿದ. ನಾವು ಕಾಗದದ ಮೇಲೆ ಒಂದು ಹೆಸರನ್ನು ಕಡಿದೆವು. ರಕ್ತ ಎಲ್ಲಿಯೂ ಸುರಿಯಲಿಲ್ಲ. ಬದುಕಿರುವ ಮಗಳನ್ನು ಸತ್ತಳೆಂದು ಹೇಳುವುದು ಸಂಕಲ್ಪಹಿಂಸೆಯಲ್ಲದಿದ್ದರೆ ಮತ್ತಾವುದು ಸಂಕಲ್ಪಹಿಂಸೆ? ರಾಣಿಯ ಭಾಗವನ್ನು ಬಿಡಿರೆಂದಾಗ ನಾನು ತಲೆಯಾಡಿಸಿದ್ದು ಯಾಕೆಂದು ನನಗೀಗ ತಿಳಿಯುತ್ತದೆ.

ಈ ಪರ್ವದ ಕ್ಷಮಾವಣಿಯ ನಂತರ ಅವಳ ಮನೆಗೆ ಹೋಗಿದ್ದೆ. ಹೆಚ್ಚು ಮಾತು ನಡೆಯಲಿಲ್ಲ. “ಹೊತ್ತು ಮುಳುಗೂದ್ರಾಗ ಊಟ ಮಾಡ್ರಿ ದೊಡ್ಡಪ್ಪ” ಎಂದು ಅವಸರದಿಂದ ತಟ್ಟೆ ಇಟ್ಟಳು. ಅವಳ ಮಕ್ಕಳೂ ಜೊತೆಗೆ ಕುಳಿತು ಉಂಡರು. ಆ ಮನೆಯಲ್ಲಿ ರಾತ್ರಿಭೋಜನವಿಲ್ಲವೆಂದು ನನಗೆ ಅಂದು ತಿಳಿಯಿತು.

ನಮ್ಮ ಭಾಗದ ಟ್ರಸ್ಟುಗಳಿಗೆ ನನ್ನ ನಮ್ರ ವಿನಂತಿ ಇಷ್ಟು. ಸ್ತವನಿಧಿಯ ಜಾತ್ರೆಯಲ್ಲಿ 1899ರಲ್ಲಿ ಸೇರಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಹಿರಿಯರು, ಸಮಾಜದ ಕುಂದನ್ನು ಮುಚ್ಚಿಟ್ಟು ಸಮಾಜವನ್ನು ಬೆಳೆಸಲಿಲ್ಲ. ಈ ಯುವಕರಿಗೆ ಹಣ ಕೊಡಿ. ಅದನ್ನು ಶಾಸ್ತ್ರದಾನದ ಖಾತೆಗೇ ಬರೆಯಿರಿ. ಮೂರು ಕರಾರುಗಳನ್ನು ಮಾತ್ರ ಹಾಕಿರಿ. ಮಾರಿದತ್ತನ ಮುಂದೆ ನಿಂತ ಆ ಮಕ್ಕಳು ಪ್ರತಿ ಕಂತಿನಲ್ಲೂ ಇರಲಿ. ಪ್ರಾಣಿಜನ್ಮಗಳ ಚಿತ್ರೀಕರಣದಲ್ಲಿ ಒಂದು ಜೀವಕ್ಕೂ ನೋವಾಗದಿರಲಿ. ನಿಜವಾದ ಪ್ರಾಣಿಗಳ ಬದಲು ಹಳೆಯ ಹಸ್ತಪ್ರತಿಗಳ ರೀತಿಯ ಚಿತ್ರಗಳನ್ನೇ ತೋರಿಸಿದರೂ ಸಾಕು. ಮೂರನೆಯದು, ಅಮೃತಮತಿಯನ್ನು ಬಿಡಬೇಡಿ. ಅವಳನ್ನು ಅಲಂಕರಿಸಲೂ ಬೇಡಿ, ಹೀಗಳೆಯಲೂ ಬೇಡಿ, ಆ ಹಾಡನ್ನು ಅವಳು ಕೇಳಿದಂತೆಯೇ ನಮಗೂ ಕೇಳಿಸಿರಿ.

ಅಂದಾಜು ಪಟ್ಟಿಯಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿ ಕಡತವನ್ನು ಹಿಂದಿರುಗಿಸಿದ್ದೇನೆ. ವೇಷಭೂಷಣಕ್ಕೆ ಇಟ್ಟ ಹಣದಲ್ಲಿ ಸ್ವಲ್ಪವನ್ನು ತೆಗೆದು ಗಾಯಕರ ಸಂಭಾವನೆಗೆ ಸೇರಿಸಿದ್ದೇನೆ.